ಬೋಗುಣಿಯಲ್ಲಿ ಐದು ಬೆಳಗು

ಗಾಳಿಯನ್ನು ಕಣ್ಣಾರೆ ನೋಡಿದ ಮೊದಲ ದಿನ ಶೈಲಾ ಹೊನವಾಡ ಚಪ್ಪಲಿ ಕಳಚಿ ನಿಂತುಕೊಂಡಳು. ನಿಯಂತ್ರಣ ಕೋಣೆಗೆ ಬರುವವರು ಪಾದರಕ್ಷೆ ಹೊರಗೇ ಬಿಡಬೇಕೆಂದು ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಅವಳು ಅದನ್ನು ಓದದೆ ಒಳಗೆ ಬಂದಿದ್ದಳು. ಗಾಜಿನ ಮೇಜಿನ ಮೇಲೆ ಆ ಬೆಳಕು ಎದ್ದಾಗ ಮಾತ್ರ ಯಾರೂ ಹೇಳದೆ ಕಾಲು ತಾವಾಗಿ ಹೊರಬಂದವು.

ಮೇಜಿನ ಮೇಲೆ ಇದ್ದದ್ದು ಸೈಕಲ್ ಮೈದಾನದ ಬೆಳಕಿನ ಪಡಿಯಚ್ಚು. ನಿಜವಾದ ಮೈದಾನ ಕಿಟಕಿಯ ಆಚೆಗಿತ್ತು. ವಿಜಯಪುರದ ಹೊರವಲಯದಲ್ಲಿ ಇನ್ನೂರೈವತ್ತು ಮೀಟರಿನ ಮರದ ದಾರಿ ಒಳಮುಖವಾಗಿ ಇಳಿಜಾರಾಗಿ ಬಾಗಿ, ಮೇಲಿನಿಂದ ಥೇಟ್ ಪಾತ್ರೆಯಂತೆ ಕಾಣುವುದರಿಂದ ಊರವರು ಅದಕ್ಕೆ ಬೋಗುಣಿ ಎಂದು ಹೆಸರಿಟ್ಟಿದ್ದರು. ಅಲ್ಲಿ ಐದು ಹುಡುಗಿಯರು ಸಾಲಾಗಿ ಸೈಕಲ್ ಹೊಡೆಯುತ್ತಿದ್ದರು. ಇಲ್ಲಿ ಮೇಜಿನ ಮೇಲೆ ಅದೇ ಐವರು ಬೆರಳುದ್ದ ಆಗಿದ್ದರು. ಅವರ ಸುತ್ತ ಗಾಳಿ ಕಾಣುತ್ತಿತ್ತು. ಮುಂದಿನವಳ ಎದೆಗೆ ಬಡಿದ ಗಾಳಿ ಕೆಂಪಗೆ ಸೀಳಿ, ಭುಜದ ಮೇಲಿಂದ ಹಳದಿಯಾಗಿ ಜಾರಿ, ಸೊಂಟದ ಎರಡು ಬದಿಗೆ ಎರಡು ಜಡೆಯಾಗಿ ಹೆಣೆದುಕೊಂಡು ಹಿಂದೆ ಹರಿಯುತ್ತಿತ್ತು. ಪ್ರತಿ ಸಲ ಕಾಲು ತುಳಿದಾಗ ಜಡೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಚಿಕೊಳ್ಳುತ್ತಿತ್ತು. ಆ ಎರಡು ಜಡೆಗಳ ನಡುವೆ ಹೆಪ್ಪುಗಟ್ಟಿದ ಮೊಸರಿನಂತೆ ಒಂದು ನೀಲಿ ನಿಶ್ಚಲ. ಎರಡನೆಯವಳು ಆ ನಿಶ್ಚಲದಲ್ಲಿ ಕೂತಿದ್ದಳು.

“ಇದಕ್ಕ ನೀವು ಏನಂತೀರಿ ಅಕ್ಕೋರ?” ಎಂದ ಇಮ್ತಿಯಾಜ್ ನದಾಫ್. ಯಂತ್ರದ ಎಂಜಿನಿಯರು, ಇಂಡಿ ತಾಲ್ಲೂಕಿನವನು.

“ನೆಳ್ಳು,” ಎಂದಳು ಶೈಲಾ. ಇಪ್ಪತ್ತೈದು ವರ್ಷದಿಂದ ಹುಡುಗಿಯರಿಗೆ ‘ನೆಳ್ಳಾಗ ಬಾ, ನೆಳ್ಳಾಗ ಬಾ’ ಎಂದು ಕೂಗಿ ಗಂಟಲು ಹರಿದುಕೊಂಡವಳು ಅವಳು. ಮುಂದಿನವಳು ಗಾಳಿ ಕಡಿಯುತ್ತಾಳೆ, ಹಿಂದಿನವಳಿಗೆ ಮೂರರಲ್ಲಿ ಒಂದು ಪಾಲು ಶ್ರಮ ಉಳಿಯುತ್ತದೆ. ಅದು ಸೈಕಲ್ಲಿನವರಿಗೆಲ್ಲ ಗೊತ್ತು. ಆದರೆ ಆ ನೆರಳಿಗೆ ಒಂದು ಆಕಾರವಿದೆ, ಬಣ್ಣವಿದೆ, ಅದು ಉಸಿರಾಡುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಯಂತ್ರಕ್ಕೆ ಗಾಳಿಗಣ್ಣು ಎಂದು ಹೆಸರು. ಮೈದಾನದ ಸುತ್ತ ನಲವತ್ತು ಕಂಬ. ಒಂದೊಂದು ಕಂಬವೂ ಬರಿಗಣ್ಣಿಗೆ ಕಾಣದ ಬೆಳಕಿನ ಹಾಳೆಯೊಂದನ್ನು ಅಡ್ಡಲಾಗಿ ಹಾಸುತ್ತದೆ. ಗಾಳಿಯಲ್ಲಿ ತೇಲುವ ಧೂಳಿನ ಕಣ ಆ ಹಾಳೆ ದಾಟುವಾಗ ಮಿಂಚುತ್ತದೆ. ಯಂತ್ರ ಕಣಕಣದ ಮಿಂಚನ್ನೂ ಹಿಂಬಾಲಿಸಿ, ಯಾವ ಗಾಳಿ ಯಾರಿಗೆ ಬಡಿಯಿತು, ಯಾರ ನೆರಳು ಯಾರ ಮೇಲೆ ಬಿತ್ತು ಎಂದು ಲೆಕ್ಕ ಹಾಕುತ್ತದೆ. ಬೇರೆ ದೇಶಗಳ ಸ್ವಚ್ಛ ಮೈದಾನಗಳಲ್ಲಿ ಇದಕ್ಕಾಗಿ ಸಣ್ಣ ಹೊಗೆ ಬಿಡುತ್ತಾರಂತೆ. ವಿಜಯಪುರದಲ್ಲಿ ಆ ತೊಂದರೆ ಇರಲಿಲ್ಲ. ಇಲ್ಲಿನ ಧೂಳಿನ ಗುಣಮಟ್ಟ ನೋಡಿ ಯಂತ್ರ ಕೊಟ್ಟವರು ಅಭಿನಂದನಾ ಪತ್ರ ಕಳಿಸಿದ್ದರು.

ಯಂತ್ರವನ್ನು ಈಗ ಬಳಸಲಿದ್ದದ್ದು ಆಯ್ಕೆಗಾಗಿ. ವಿಶ್ವ ಸ್ಪರ್ಧೆಯ ನಾಲ್ವರ ಓಟಕ್ಕೆ ಈ ಐವರಲ್ಲಿ ನಾಲ್ವರು ಹೋಗಬೇಕಿತ್ತು. ನಾಲ್ವರೂ ಸರದಿಯಂತೆ ಮುಂದೆ ಹೋಗಿ ಗಾಳಿ ಕಡಿಯುತ್ತ ಹದಿನಾರು ಸುತ್ತು ಹೊಡೆಯುವ ಓಟ ಅದು. ಯಾರು ವೇಗದವರು ಎಂದು ಗಡಿಯಾರ ಹೇಳುತ್ತದೆ. ಯಾರು ಯಾರನ್ನು ವೇಗದವರನ್ನಾಗಿ ಮಾಡಿದರು ಎಂದು ಹೇಳುವವರು ಇಲ್ಲಿಯವರೆಗೆ ಇರಲಿಲ್ಲ. ಹಿಂದೆ ಅದನ್ನು ಆಯ್ಕೆ ಸಮಿತಿ ಹೇಳುತ್ತಿತ್ತು. ಇಪ್ಪತ್ತೆಂಟು ವರ್ಷದ ಹಿಂದೆ ಶೈಲಾಳ ಹೆಸರು ಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ಕಾರಣ ಕೇಳಲು ಹೋದವಳಿಗೆ ಗುಮಾಸ್ತ, “ಸಮಿತಿಯವರ ವಿವೇಚನೆ ಬಾಯಿ,” ಎಂದಿದ್ದ. ಆ ವಿವೇಚನೆ ಯಾರ ಮಗಳು ಎಂಬುದು ಆಮೇಲೆ ತಿಳಿಯಿತು.

ಈಗ ಕಾಲ ಬದಲಾಗಿತ್ತು. ಆಯ್ಕೆಗೆ ಸಂಬಂಧಿಸಿದ್ದೆಲ್ಲ ಮೈದಾನದ ಹೊರಗಿನ ದೊಡ್ಡ ಬೋರ್ಡಿನ ಮೇಲೂ ಎಲ್ಲರ ಫೋನಿನಲ್ಲೂ ಕಾಣಬೇಕೆಂದು ಕಾಯಿದೆ. ಯಂತ್ರ ಅಂಕ ಕೊಡುವ ವಿಧಾನ ಬೋರ್ಡಿನಲ್ಲಿತ್ತು: ಕಡಿದ ಗಾಳಿಗೆ, ಕೊಟ್ಟ ನೆರಳಿಗೆ ಅಂಕ; ಪಡೆದ ನೆರಳಿಗೆ ಕಡಿತ. ಅದರ ಕೆಳಗೆ ಇನ್ನೊಂದು ಸಾಲು: ‘ಮುಖ್ಯ ತರಬೇತುದಾರರು ಶೈಲಾ ಹೊನವಾಡ. ಸ್ಪರ್ಧಿ ಸೃಷ್ಟಿ ಇವರ ಅಕ್ಕನ ಮಗಳು. ಇಬ್ಬರೂ ಒಂದೇ ಮನೆಯಲ್ಲಿ ವಾಸ.’ ಇದನ್ನು ಓದಿದ ಹಾಲಿನವನು ಮರುದಿನ, ಸ್ಪರ್ಧಿ ಇರುವ ಮನೆಗೆ ಅರ್ಧ ಲೀಟರು ಹೆಚ್ಚು ಬೇಕೇ ಎಂದು ಕೇಳಿದ್ದ.

ಆಯ್ಕೆಯ ಓಟ ನಡೆಯಿತು. ಐವರೂ ಒಟ್ಟಿಗೆ ಹೊರಟರು. ಮೊದಲ ಸುತ್ತಿನಲ್ಲಿ ಶಹನಾಜ್ ಮುಲ್ಲಾ ಮುಂದಿದ್ದಳು. ಎರಡನೆಯ ಸುತ್ತಿಗೆ ಅವಳು ಮೇಲಕ್ಕೆ ಸರಿದು ಹಿಂದಿನವಳಿಗೆ ದಾರಿ ಬಿಡಬೇಕು. ಬಿಡಲಿಲ್ಲ. ಮೂರನೆಯ ಸುತ್ತಿಗೆ ರೇಖಾ ಹೂಗಾರ ಪಕ್ಕದಿಂದ ನುಗ್ಗಿದಳು. ಅವಳ ಬೆನ್ನಿಗೆ ಕಾವೇರಿ ಬಗಲಿ. ಅವಳನ್ನು ದಾಟಿ ಸೃಷ್ಟಿ. ಯಾರಿಗೂ ನೆರಳು ಬೇಡ, ಎಲ್ಲರಿಗೂ ಗಾಳಿಯೇ ಬೇಕು. “ನೀ ಸರಿ, ನಾ ಹಿಡೀತೀನಿ.” “ನಿಂದ ಆತು, ನೀ ಹಿಂದ ಹೋಗ.” ಗುಲಾಬಿ ರಾಠೋಡ ಒಬ್ಬಳೇ ಈ ಗದ್ದಲದ ಹಿಂದೆ, ಜಾಗ ಸಿಕ್ಕಾಗ ಮುಂದೆ ಹೋಗುತ್ತ, ಸಿಗದಾಗ ಸುಮ್ಮನೆ ಹಿಂದೆ ಉಳಿಯುತ್ತ ಹದಿನಾರು ಸುತ್ತು ಮುಗಿಸಿದಳು. ಐವರ ಓಟ ಅವರ ಅತಿ ಕೆಟ್ಟ ಅಭ್ಯಾಸದ ದಿನಕ್ಕಿಂತ ಹನ್ನೊಂದು ಸೆಕೆಂಡು ತಡವಾಗಿತ್ತು. ಯಂತ್ರಕ್ಕೆ ಅದರ ಗೊಡವೆಯಿಲ್ಲ. ಅಂಕ ಕೊಟ್ಟಿತು. ಸೃಷ್ಟಿ ಮೂರನೆಯವಳು, ಗುಲಾಬಿ ಐದನೆಯವಳು.

ಮಧ್ಯಾಹ್ನ ಶೈಲಾ ರೊಟ್ಟಿ ಬಡಿಯುತ್ತಿದ್ದಾಗ ಗಂಡ ಗೊಲ್ಲಾಳಪ್ಪ ಫೋನಿನಲ್ಲಿ ಆ ಓಟವನ್ನು ಎರಡನೆಯ ಸಲ ನೋಡುತ್ತಿದ್ದ. ಮೂವತ್ತೆರಡು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು.

“ಇದನ್ನ ನಾ ಭಾಳ ಸಲ ನೋಡೀನಿ,” ಎಂದ.

“ಎಲ್ಲಿ?”

“ಬಸ್ಸಿನ್ಯಾಗ. ಇಬ್ಬರು ಬೀಗತೇರು ಹತ್ತಿದ್ರಂದ್ರ ಮುಗೀತು. ನಾ ತಗೀತೀನಿ ಟಿಕೀಟು, ನೀ ಯಾಕ ತಗೀತಿ, ನಿನ್ನ ಕೈ ಮುರೀಲಿ, ಬಿಡ. ನನ್ನ ಕೈ ಹಿಡದು ಎಳದಾಡತಿದ್ರು. ಹಿಂದ ನಲವತ್ತು ಮಂದಿ ನಿಂತಿರತಿದ್ರು.”

ಒಳಗಿಂದ ಬಂದ ಸೃಷ್ಟಿ, “ಕಾಕಾ, ನಮಗ ನಗತಿ ಏನ?” ಎಂದಳು.

“ನಿಮಗಲ್ಲವಾ. ಉಪಕಾರಕ್ಕ ಅಂಕ ಇಟ್ಟಾರಲ್ಲ, ಅವರಿಗೆ.”

ಸೃಷ್ಟಿ ಬಿಸಿ ರೊಟ್ಟಿ ಮುರಿದು ಶೇಂಗಾ ಹಿಂಡಿಗೆ ಒತ್ತಿದಳು. ಮೂರನೆಯ ಸ್ಥಾನದ ಸಂತೋಷಕ್ಕೆ ನಾಲ್ಕನೆಯ ರೊಟ್ಟಿ. ಒಂಬತ್ತು ವರ್ಷದವಳಿದ್ದಾಗ ಅಕ್ಕ ಇವಳನ್ನು ತಂದು ಬಿಟ್ಟು, ‘ಇಕಿನ್ನ ಏನರ ಮಾಡ’ ಎಂದು ಹೋಗಿದ್ದಳು. ಹನ್ನೊಂದು ವರ್ಷ ಆಗಿತ್ತು. ಶೈಲಾ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು. 

ಸೃಷ್ಟಿಯ ಸಂತೋಷದಲ್ಲಿ ಸೇರದಿರಲು ಅವಳಿಗೆ ಕಾರಣವಿತ್ತು. ಓಟ ಮುಗಿದ ಮೇಲೆ ಇಮ್ತಿಯಾಜ್ ಅವಳನ್ನು ಕೋಣೆಗೆ ಕರೆದು ಬಾಗಿಲು ಹಾಕಿದ್ದ.

“ಅಕ್ಕೋರ, ಈ ಗಾಳಿಗಣ್ಣು ಬಂದು ಎಂಟು ತಿಂಗಳಾತು. ಕೆಲಸ ಮಾಡತೈತೋ ಇಲ್ಲೋ ಅಂತ ನೋಡಲಾಕ ದಿನಾ ಮುಂಜಾನಿ ಹಚ್ಚತಿದ್ನಿ. ಹುಡುಗ್ಯಾರಿಗೆ ಗೊತ್ತಿಲ್ಲ. ಅಂಕದ ಮಾತ ಆವಾಗ ಇರಲಿಲ್ಲ.”

“ಎಲ್ಲಾ ಐತೇನು?”

“ಎಲ್ಲಾ ಐತಿ. ನೋಡ್ರಿ.”

ಅವಳು ತಡೆಯುವಷ್ಟರಲ್ಲಿ ಅವನು ಎಂಟು ತಿಂಗಳನ್ನು ಒಂದರ ಮೇಲೊಂದು ಹಾಸಿಬಿಟ್ಟ. ಇನ್ನೂರಕ್ಕೂ ಹೆಚ್ಚು ಮುಂಜಾವುಗಳ ಗಾಳಿ ಒಟ್ಟಿಗೆ ಮೇಜಿನ ಮೇಲೆ ಎದ್ದಿತು. ಬೋಗುಣಿ ತುಂಬ ಬೆಳಕಿನ ನದಿ. ಅದಕ್ಕೆ ಮಡು ಇತ್ತು, ಸುಳಿ ಇತ್ತು, ದಂಡೆಗೆ ಬಡಿದು ಮರಳುವ ಅಲೆ ಇತ್ತು. ಚಳಿಗಾಲದ ಗಾಳಿ ದಟ್ಟವಾಗಿ ಕೆಳಗೆ, ಬೇಸಿಗೆಯದು ತೆಳ್ಳಗೆ ಮೇಲೆ. ಐದು ಜೀವಗಳು ಇಷ್ಟು ದೊಡ್ಡದೊಂದನ್ನು ದಿನವೂ ಕಟ್ಟಿ, ದಿನವೂ ಏನೂ ಉಳಿಸದೆ ಮನೆಗೆ ಹೋಗುತ್ತಿದ್ದವು.  ನದಿಯ ತಲೆಯಲ್ಲಿ ಎಲ್ಲಕ್ಕಿಂತ ಕೆಂಪಾಗಿ, ಎಲ್ಲಕ್ಕಿಂತ ಹೆಚ್ಚು ದಿನ ಸೀಳುತ್ತಿದ್ದದ್ದು ಗುಲಾಬಿ. ಮೂರನೆಯ ಜಾಗದಲ್ಲಿ, ನೀಲಿ ಮೊಸರಿನ ನಟ್ಟನಡುವೆ, ತಿಂಗಳಿಂದ ತಿಂಗಳಿಗೆ ಅಲುಗದೆ ಕೂತಿದ್ದವಳು ಸೃಷ್ಟಿ.

“ಅಳಿಸಲೇನ್ರಿ?” ಎಂದಿದ್ದ ಇಮ್ತಿಯಾಜ್. ಅವನ ದನಿಯಲ್ಲಿ ಸಹಾಯವಿತ್ತು. “ಪರೀಕ್ಷೆಯ ಕಡತ. ಬೋರ್ಡಿಗೆ ಬಂದಿಲ್ಲ. ಇಬ್ಬರಿಗೇ ಗೊತ್ತು.”

ಅಳಿಸಿದರೆ ಸೃಷ್ಟಿ ವಿಶ್ವ ಸ್ಪರ್ಧೆಗೆ ಹೋಗುತ್ತಾಳೆ, ಗುಲಾಬಿ ಕಾರಣ ತಿಳಿಯದೆ ತನ್ನ ಲಂಬಾಣಿ ತಾಂಡಾಕ್ಕೆ ಹೋಗುತ್ತಾಳೆ. ಬಳಸಿದರೆ ಸತ್ಯ ಗೆಲ್ಲುತ್ತದೆ; ಆದರೆ ಯಾರಿಗೂ ಹೇಳದೆ ಅಳೆದ ಅಳತೆಯಿಂದ. ಮುಚ್ಚಿದ ಬಾಗಿಲ ಹಿಂದಿನ ಅಳತೆ ಸರಿಯಾಗಿದ್ದರೂ ಅದು ಮುಚ್ಚಿದ ಬಾಗಿಲೇ ಎಂದು ಶೈಲಾಳಿಗೆ ಗೊತ್ತಿತ್ತು. ಕಾಯಿದೆ ಬರೆದವರು ಸರಿಯಾದ ಅಳತೆ, ತೆರೆದ ಬಾಗಿಲು ಎಂಬ ಈ ಎರಡು ಒಳ್ಳೆಯ ಮಾತು ಒಂದಕ್ಕೊಂದು ಡಿಕ್ಕಿ ಹೊಡೆಯಬಹುದೆಂದು ಎಣಿಸಿರಲಿಲ್ಲ. ಅವರು ಸೈಕಲ್ ಹೊಡೆದವರಲ್ಲ.

“ನಾಳೆ ಐದೂ ಮಂದೀನ ಕರಿ,” ಎಂದು ಹೇಳಿ ಮನೆಗೆ ಬಂದಿದ್ದಳು.

ಮರುದಿನ ಐವರೂ ಬರಿಗಾಲಲ್ಲಿ ಮೇಜಿನ ಸುತ್ತ ನಿಂತರು. ಶೈಲಾ ಇದ್ದದ್ದನ್ನು ಇದ್ದಂತೆ ಹೇಳಿದಳು: ಅವರಿಗೆ ಹೇಳದೆ ಅಳೆದ ಎಂಟು ತಿಂಗಳ ಕಡತವಿದೆ, ತಾನು ನೋಡಿದ್ದೇನೆ, ಏನಿದೆ ಎಂದು ಹೇಳುವುದಿಲ್ಲ. ಐವರೂ ಒಪ್ಪಿದರೆ ಎಲ್ಲರೆದುರು ತೆರೆದು ಅದರಿಂದ ಅಂಕ. ಒಬ್ಬಳು ಬೇಡವೆಂದರೂ ಎಲ್ಲರೆದುರು ಅಳಿಸುವುದು.

ಶಹನಾಜ್ ಸೈ ಎಂದಳು. ರೇಖಾ, ಕಾವೇರಿ ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು. ಸೃಷ್ಟಿ ಚಿಗವ್ವನ ಮುಖ ಓದಲು ನೋಡಿದಳು. ಅಲ್ಲಿ ಏನೂ ಬರೆದಿರಲಿಲ್ಲ. “ಆತು,” ಎಂದಳು ಸಣ್ಣಗೆ.

“ನಾ ಒಲ್ಲೆ,” ಎಂದಳು ಗುಲಾಬಿ.

 ಇಮ್ತಿಯಾಜ್ ತಡೆಯಲಾರದೆ, “ಗುಲಾಬಿ, ವಿಚಾರ ಮಾಡ. ನಿನಗ ಅದು...” ಎಂದ.

“ನನಗ ಚಲೋನೇ ಆಗೋದು. ನಿಮ್ಮ ಮಾರಿ ನೋಡಿದ್ರ ತಿಳೀತೈತ್ರಿ.” ಅವಳು ಗಾಜಿನ ಮೇಲೆ ಬೆರಳಿಟ್ಟು, ತೆಗೆದು, ಮೂಡಿದ ಗುರುತನ್ನು ತೋಳಿನಿಂದ ಒರೆಸಿದಳು. “ಆ ಎಂಟು ತಿಂಗಳು ನಮ್ಮ ಯಾಡಿ ದವಾಖಾನ್ಯಾಗ ಇದ್ದಳು. ಅಲ್ಲಿಂದಾನ ಸೀದಾ ಬರತಿದ್ನಿ. ಸಾಲಿನ್ಯಾಗ ಮುಂದ ಇದ್ರ ಮಾರಿ ಯಾರಿಗೂ ಕಾಣಂಗಿಲ್ಲ. ಗಾಳಿಗೆ ಕಣ್ಣೀರು ಹಾರಿ ಹೋಗತಾವು. ಅದಕ್ಕ ಮುಂದ ಹೋಗತಿದ್ನಿ. ಇವರಿಗೆ ನೆಳ್ಳು ಕೊಡಾಕ ಅಲ್ಲ. ಅದನ್ನ ನೀವು ಉಪಕಾರ ಅಂತ ಬೋರ್ಡಿಗೆ ಬರದ್ರ ಸುಳ್ಳಾಗತೈತಿ.”

ತಾಯಿಯನ್ನು ಅವರ ಭಾಷೆಯಲ್ಲಿ ಯಾಡಿ ಎನ್ನುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಆ ಯಾಡಿ ಈಗಿಲ್ಲ ಎಂಬುದೂ. ಶಹನಾಜ್ ಅವಳ ಕೈ ಹಿಡಿದುಕೊಂಡಳು. ನಲವತ್ತು ಕಂಬದ ಯಂತ್ರ ಕಣಕಣದ ಧೂಳನ್ನೂ ಎಣಿಸಿತ್ತು. ಒಂದು ಹುಡುಗಿ ಗಾಳಿಯ ಕಡೆ ಮುಖ ಮಾಡಿದ್ದು ಏಕೆ ಎಂದು ಕೇಳುವುದು ಅದರ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ.

ಇಮ್ತಿಯಾಜ್ ಅಳಿಸಿದ. ಹನ್ನೊಂದು ಸೆಕೆಂಡು ಹಿಡಿಯಿತು. ಕಾಣದ ನದಿಯೊಂದು ಬತ್ತುವುದನ್ನು ಏಳು ಜನ ಖಾಲಿ ಗಾಜಿನ ಮೇಲೆ ನೋಡಿದರು.

“ಈಗ?” ಎಂದಳು ಕಾವೇರಿ. “ಅಂಕ ಅದೇ ಉಳೀತಲ್ರಿ. ಬೀಗತೇರ ಅಂಕ.” ಗೊಲ್ಲಾಳಪ್ಪನ ಮಾತು ಆಗಲೇ ಊರು ಸುತ್ತಿತ್ತು.

ಶೈಲಾ ಹಿಂದಿನ ರಾತ್ರಿಯೆಲ್ಲ ಅದನ್ನೇ ಯೋಚಿಸಿದ್ದಳು. “ಅಂಕ ಬಿಡ್ರಿ. ನಾಲ್ಕು ಮಂದಿ ಓಟಕ್ಕ ನಾಲ್ಕು ಮಂದೀನ ಓಡೂನು. ಐದು ಸಲ. ಒಂದೊಂದು ಸಲಕ್ಕ ಒಬ್ಬಾಕಿ ಹೊರಗ ಕೂಡೋದು. ಯಾರು ಮುಂದ ಹೋದ್ರು, ಯಾಕ ಹೋದ್ರು, ಯಾರೂ ಕೇಳಂಗಿಲ್ಲ. ಯಾವ ನಾಲ್ಕು ಮಂದಿ ಎಲ್ಲಾರಿಗಿಂತ ಲಗೂನ ಮುಟ್ಟತಾರೋ ಆ ನಾಲ್ಕು ಮಂದಿ ಹೋಗೋದು. ಹೊರಗ ಕುಂತಾಕಿ ಇಲ್ಲಿ ಬಂದು ಇದನ್ನ ನೋಡೋದು. ಆಮ್ಯಾಲೆ ತಾನಾ ಹೋಗಿ ಬೋರ್ಡಿಗೆ ಟೈಮ್ ಬರಿಯೋದು.”

ಐವರೂ ಸಹಿ ಹಾಕಿದರು. ಸೈಕಲ್ ಸಂಘದ ಅಧ್ಯಕ್ಷರು ಬೆಂಗಳೂರಿಂದ ಫೋನು ಮಾಡಿ, ಅಂಕಕ್ಕೆ ಬಳಸದಿದ್ದರೆ ಅಷ್ಟು ದೊಡ್ಡ ಯಂತ್ರ ಯಾಕೆ ಎಂದು ಕೇಳಿದರು. “ನೋಡಲಿಕ್ಕ, ಸರ್,” ಎಂದ ಇಮ್ತಿಯಾಜ್. ವಿಧಾನದಲ್ಲಿ ತಪ್ಪು ಕಂಡವರು ಬರೆಯಲಿ ಎಂದು ಬೋರ್ಡಿನಲ್ಲಿ ಜಾಗ ಬಿಟ್ಟಿದ್ದರು. ಚಹಾದಂಗಡಿಯವನು, ದಿನಾ ಓಡಿದರೆ ಕೊನೆಯ ದಿನಕ್ಕೆ ಕಾಲು ಸೋತಿರುತ್ತವೆ, ನಡುವೆ ಒಂದು ದಿನ ಬಿಡಿ ಎಂದು ಬರೆದ. ಬಿಟ್ಟರು. ಚೀಟಿ ಎತ್ತಿ ಸರದಿ ನಿಗದಿಯಾಯಿತು. ಎಲ್ಲ ಓಟವೂ ಮುಂಜಾನೆ ಆರಕ್ಕೆ, ಹೊರಗಿನ ಗಾಳಿ ಏಳುವ ಮೊದಲು.

ಮೊದಲ ಬೆಳಗು ರೇಖಾ ಹೊರಗೆ. ನಾಲ್ಕು ನಿಮಿಷ ಹದಿನಾಲ್ಕು ಸೆಕೆಂಡು. ಎರಡನೆಯ ಬೆಳಗು ಶಹನಾಜ್ ಹೊರಗೆ. ಹದಿನೈದು.

ಮೂರನೆಯ ಬೆಳಗು ಗುಲಾಬಿ ಮೇಜಿನ ಮುಂದೆ ನಿಂತಳು. ಕೆಳಗೆ ನಾಲ್ವರು ಹೊರಟರು. ಚಿಕ್ಕ ಬೆಳಕಿನ ನಾಲ್ವರು ಗಾಜಿನ ಮೇಲೆ ಹೊರಟರು. ಐದನೆಯ ಸುತ್ತಿನವರೆಗೆ ಎಲ್ಲ ಸರಿಯಿತ್ತು. ಆಮೇಲೆ ಒಬ್ಬೊಬ್ಬಳೂ ಮುಂದಿನ ಜಾಗದಲ್ಲಿ ಉಳಿಯುವ ಹೊತ್ತು ಚೂರುಚೂರೇ ಮೊಟಕಾಗುತ್ತ ಬಂತು. ಸರದಿ ಬೇಗ ಬೇಗ ಬದಲಾಗತೊಡಗಿತು. ಬದಲಾದಾಗಲೆಲ್ಲ ಜಡೆ ತುಂಡಾಗಿ ಹಳದಿ ಎಳೆಗಳು ಚೆಲ್ಲಾಡಿದವು. ನೀಲಿ ನೆರಳು ಹರಿದು ತೂತುಬಿತ್ತು. ಹತ್ತನೆಯ ಸುತ್ತಿನಲ್ಲಿ, ಯಾರೂ ಹೆಚ್ಚು ಹೊತ್ತು ನಿಲ್ಲಲಾರದ ಆ ಮುಂದಿನ ಜಾಗ, ಖಾಲಿ ಕುರ್ಚಿಯಂತೆ ಸ್ಪಷ್ಟವಾಗಿ ಕಂಡಿತು. ಗುಲಾಬಿ ಮೇಜಿಗೆ ಕೈಯೂರಿ ಬಗ್ಗಿದಳು.

“ಅದು ನನ್ನ ಜಾಗ ಏನ್ರಿ ಅಕ್ಕೋರ?”

“ಹೂಂ.”

“ಇಷ್ಟ ದೊಡ್ಡದ ಐತಿ?”

 ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ಹೊರಗೆ ಹೋಗಿ ಬರೆದಳು. ಸೊನ್ನೆಯನ್ನು ಎರಡು ಸಲ ಸುತ್ತಿದಳು.

ನಾಲ್ಕನೆಯ ಬೆಳಗು ಕಾವೇರಿ ಹೊರಗೆ. ಹದಿಮೂರು ಮುಕ್ಕಾಲು. ಈವರೆಗೆ ಅದೇ ಬೇಗನೆಯದು.

ಐದನೆಯ ಬೆಳಗಿಗೆ ಉಳಿದದ್ದು ಸೃಷ್ಟಿ. ಉಳಿದ ನಾಲ್ವರು ಹದಿಮೂರು ಮುಕ್ಕಾಲಿಗಿಂತ ತಡವಾದರೆ ಅವಳು ಹೋಗುತ್ತಾಳೆ, ಕಾವೇರಿ ಉಳಿಯುತ್ತಾಳೆ. ಬೇಗ ಮುಟ್ಟಿದರೆ ಸೃಷ್ಟಿಯೇ ಉಳಿಯುತ್ತಾಳೆ. ಮನೆಯಲ್ಲಿ ಹೊರಡುವಾಗ ಗೊಲ್ಲಾಳಪ್ಪ ಏನಾದರೂ ಹೇಳಬೇಕೆಂದು ಬಾಗಿಲವರೆಗೆ ಬಂದು, “ಸ್ವೆಟರ್ ಹಾಕ್ಕೋ,” ಎಂದ. ಸೆಖೆಗಾಲ. ಅವಳು ಹಾಕಿಕೊಂಡಳು.

ದಾರಿಯಲ್ಲಿ ಸೃಷ್ಟಿ ಕೇಳಿದಳು. “ಚಿಗವ್ವ, ಆ ಕಡತದಾಗ ನಾ ಎಲ್ಲಿದ್ನಿ?”

“ಅಳಿಸಿದ್ದರ ಮಾತ ಬ್ಯಾಡ.”

“ನೀ ಎಲ್ಲಾನೂ ಮೊದಲ ನೋಡಿದ್ದಿ. ಯಾರಿಗೂ ಹೇಳದ ಅಳಿಸಿದ್ರ ನಾ ಹೋಗತಿದ್ನಿ, ಹೌದಿಲ್ಲೋ?”

“ಹೌದು.”

 ಹನ್ನೊಂದು ವರ್ಷದಲ್ಲಿ ಮೊದಲ ಸಲ ಸೃಷ್ಟಿ ಶೈಲಾಳಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು.

ಆರು ಗಂಟೆಗೆ ನಾಲ್ವರು ಹೊರಟರು. ಮೇಜಿನ ಮೇಲೆ ಬೆಳಕು ಎದ್ದಿತು. ಶೈಲಾ ಗೋಡೆಗೆ ಒರಗಿ ನಿಂತಿದ್ದಳು. ಅವಳು ಗಾಳಿಯನ್ನು ನೋಡಲಿಲ್ಲ, ಸೃಷ್ಟಿಯ ಬೆನ್ನನ್ನು ನೋಡುತ್ತಿದ್ದಳು. ಐದನೆಯ ಸುತ್ತಿಗೆ ಆ ಬೆನ್ನು ಸೆಟೆಯಿತು. ಏನಾಯಿತೆಂದು ಶೈಲಾ ಹತ್ತಿರ ಹೋದಳು.

ನಾಲ್ಕು ಜಡೆಗಳು ಒಂದಾಗಿದ್ದವು. ಗುಲಾಬಿ ಸೀಳಿದ ಗಾಳಿ ಶಹನಾಜಳ ಭುಜವನ್ನು ಸವರಿ, ರೇಖಾಳ ಬೆನ್ನ ಮೇಲಿಂದ ಜಾರಿ, ಕಾವೇರಿಯನ್ನು ಸುತ್ತಿ, ಎಲ್ಲಿಯೂ ತುಂಡಾಗದೆ, ಅವರ ಹಿಂದೆ ಅರ್ಧ ಮೈದಾನದುದ್ದಕ್ಕೂ ಹರಿಯುತ್ತಿತ್ತು. ಮುಂದಿನವಳು ಸರಿದು ಮೇಲೆ ಹೋದಾಗ ಆ ಹೆಣಿಗೆ ಬಿಚ್ಚಲಿಲ್ಲ. ಅವಳಿಗೆ ದಾರಿ ಬಿಟ್ಟು, ಅವಳು ಹಿಂದೆ ಬಂದು ಸೇರಿದೊಡನೆ ಮತ್ತೆ ಅವಳನ್ನು ಒಳಗೆ ತೆಗೆದುಕೊಂಡಿತು. ಹತ್ತನೆಯ ಸುತ್ತಿಗೆ ಅವರು ತಾವೇ ಮೊದಲು ಎಬ್ಬಿಸಿದ ಗಾಳಿಯ ಬಾಲವನ್ನು ಹಿಡಿದರು. ಬೋಗುಣಿಯ ಗಾಳಿಯೆಲ್ಲ ಒಂದೇ ದಿಕ್ಕಿಗೆ ತಿರುಗತೊಡಗಿತು. ಇಮ್ತಿಯಾಜ್ ಎದ್ದು ನಿಂತ. ಎಂಟು ತಿಂಗಳಲ್ಲಿ ಅವನೂ ಇದನ್ನು ಕಂಡಿರಲಿಲ್ಲ. ಇಡೀ ಮೈದಾನ ನಿಧಾನವಾಗಿ, ಗಂಭೀರವಾಗಿ, ತನ್ನಷ್ಟಕ್ಕೆ ತಿರುಗುವ ಬೆಳಕಿನ ಚಕ್ರವಾಗಿತ್ತು. ಅದರೊಳಗೆ ನಾಲ್ಕು ಹುಡುಗಿಯರು ಗಾಳಿಯ ಜೊತೆ ಹೋಗುತ್ತಿದ್ದರು.

ಗಡಿಯಾರ ನಿಂತಿತು. ನಾಲ್ಕು ನಿಮಿಷ ಹನ್ನೊಂದು ಸೆಕೆಂಡು.

ಮೂವರೂ ಸ್ವಲ್ಪ ಹೊತ್ತು ಅದನ್ನು ನೋಡಲೇ ಇಲ್ಲ. ಚಕ್ರ ಇನ್ನೂ ತಿರುಗುತ್ತಿತ್ತು.

“ಚೆಂದ ಐತಿ,” ಎಂದಳು ಸೃಷ್ಟಿ. ದನಿ ಗಟ್ಟಿಯಿತ್ತು. ಕಣ್ಣು ತುಂಬಿದ್ದವು. “ನಾ ಒಳಗ ಇದ್ದಿದ್ರ ಇದು ಆಗತಿದ್ದಿಲ್ಲ, ಅಲ್ಲ?”

ಸುಳ್ಳು ಹೇಳಲು ಶೈಲಾಳ ಬಾಯಿಗೆ ಬಂದ ಮಾತುಗಳು ಮೂರೋ ನಾಲ್ಕೋ ಇದ್ದವು. ಎಲ್ಲವೂ ದೊಡ್ಡವರು ಚಿಕ್ಕವರಿಗೆ ಹೇಳುವಂಥವು. ಕಿಟಕಿಯ ಆಚೆ ಕಾವೇರಿ ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟು ಅಳುತ್ತಿದ್ದಳು, ಗುಲಾಬಿ ಅವಳ ಬೆನ್ನು ತಟ್ಟುತ್ತಿದ್ದಳು.

“ಇಲ್ಲವಾ,” ಎಂದಳು ಶೈಲಾ. “ಆಗತಿದ್ದಿಲ್ಲ.”

ಸೃಷ್ಟಿ ತಲೆಯಾಡಿಸಿದಳು. ಇಮ್ತಿಯಾಜ್ ಬೆಳಕು ಆರಿಸಲು ಕೈ ಚಾಚಿದಾಗ ತಡೆದಳು.

“ಇರಲಿ ಅಣ್ಣಾರ. ಎಷ್ಟೊತ್ತು ತಿರಗತೈತಿ ನೋಡೂನು.”

ಆರು ನಿಮಿಷ ತಿರುಗಿತು. ಕೆಂಪು ಮೊದಲು ಹೋಯಿತು, ಆಮೇಲೆ ಹಳದಿ. ಕೊನೆಗೆ ನೀಲಿಯೂ ತೆಳುವಾಗಿ, ಧೂಳು ಮರದ ದಾರಿಯ ಮೇಲೆ ಇಳಿಯಿತು. ಸೃಷ್ಟಿ ಸೀಮೆಸುಣ್ಣ ತೆಗೆದುಕೊಂಡು, ಸ್ವೆಟರಿನ ತೋಳು ಮೇಲೆ ಮಡಿಚಿ, ಟೈಮ್ ಬರೆಯಲು ಹೊರಗೆ ಹೋದಳು.